ನಾಲಿಗೆಯ ಮೇಲೆ ಉಳಿದ ಮಾತು

ದೇವರಲ್ಲಿ ವಿಶ್ವಾಸವಿಟ್ಟವರಿಗೆ ಕಷ್ಟವೇ ಬಾರದೆಂದು ನಂಬುವವರು ಈಗ ಹೆಚ್ಚು ಮಂದಿ ಇರಲಾರರು. ಬಂದ ಕಷ್ಟ ಬೇಗನೆ ತೀರುತ್ತದೆಯೆಂದು ಸಮಾಧಾನ ಹೇಳುವವರು ಮಾತ್ರ ಬೇಕಾದಷ್ಟು ಇದ್ದಾರೆ. ಅವರ ಮಾತನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಕೆಲವರ ಪಾಲಿಗೆ ಅದು ನಿಜವೂ ಆಗಿರಬಹುದು. ನಮ್ಮ ಮನೆಗೆ 2017ರ ಮಳೆಗಾಲದಲ್ಲಿ ಬಂದ ಕಷ್ಟವಾದರೋ ಅತಿಥಿಯಂತೆ ಬಂದು ಹೋಗಲಿಲ್ಲ. ಬಾಡಿಗೆದಾರನಂತೆ ಬಂದು ನೆಲೆಸಿತು. ಹಾಗಿದ್ದರೂ ಈ ವರ್ಷಗಳಲ್ಲಿ ನಮಗೆ ಧೈರ್ಯವೂ ದೊರಕಿದ್ದುಂಟು. ಅದು ಯಾವ ದಾರಿಯಾಗಿ ಬಂದಿತೆಂಬುದನ್ನು ಹೇಳಿದರೆ, ಇಂಥದೇ ಬಾಡಿಗೆದಾರನನ್ನು ಇರಿಸಿಕೊಂಡಿರುವ ಬೇರೆ ಮನೆಗಳಿಗೂ ಉಪಯೋಗವಾದೀತೆಂಬ ಆಸೆಯಿಂದ ಬರೆಯುತ್ತಿದ್ದೇನೆ.

ನಾವು ಧಾರವಾಡದ ಕ್ರೈಸ್ತರು. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಧಾರವಾಡಕ್ಕೆ ಬಂದದ್ದು 1837ರಲ್ಲಿ. ಅದಕ್ಕೂ ಮುಂಚೆ, 1831ರಲ್ಲಿಯೇ, ಬಳ್ಳಾರಿಯಲ್ಲಿ ಸತ್ಯವೇದ ಪೂರ್ತಿಯಾಗಿ ಕನ್ನಡದಲ್ಲಿ ಅಚ್ಚಾಗಿತ್ತು. ಮುಂದೆ 1894ರಲ್ಲಿ ಮಹಾನಿಘಂಟನ್ನು ಹೊರತಂದ ಕಿಟ್ಟೆಲ್ ಸಾಹೇಬರು ನಮ್ಮ ಧಾರವಾಡ ಹುಬ್ಬಳ್ಳಿಗಳಲ್ಲಿಯೂ ಕೆಲವು ಕಾಲ ಇದ್ದು ಕನ್ನಡ ಕಲಿತವರು. ಹೀಗೆ ನಮ್ಮ ಮನೆತನಗಳಲ್ಲಿ ನಾಲ್ಕೈದು ತಲೆಮಾರುಗಳಿಂದ ದೇವರೊಡನೆ ಮಾತು ನಡೆದಿರುವುದು ಕನ್ನಡದಲ್ಲಿಯೇ. ರಾಗಗಳು ಮಾತ್ರ ಎಷ್ಟೋ ವೇಳೆ ಜರ್ಮನಿಯವು. ಆ ರಾಗಗಳಿಗೆ ಧಾರವಾಡದ ನಾಲಿಗೆ ಸೇರಿ ಒಂದು ವಿಚಿತ್ರವಾದ ಮಾಧುರ್ಯ ಹುಟ್ಟಿದೆ; ಅದನ್ನು ಕೇಳಿ ಬೆಳೆದವರಿಗೇ ಅದರ ರುಚಿ ಗೊತ್ತು.

ನಮ್ಮಂಥ ಮನೆಗಳಲ್ಲಿ ರಾತ್ರಿ ಊಟಕ್ಕೆ ಮುಂಚೆ ಕುಟುಂಬ ಪ್ರಾರ್ಥನೆ ನಡೆಯುವುದು ವಾಡಿಕೆ. ಒಂದು ಗೀತೆ, ಸತ್ಯವೇದದ ಒಂದು ಭಾಗ, ಮನೆಯ ಹಿರಿಯರ ಪ್ರಾರ್ಥನೆ, ಕೊನೆಗೆ ಎಲ್ಲರೂ ಒಟ್ಟಾಗಿ ಹೇಳುವ ಕರ್ತನ ಪ್ರಾರ್ಥನೆ. ಇದರಲ್ಲಿ ಅದ್ಭುತವೆನ್ನುವಂಥದು ಏನೂ ಇಲ್ಲ. ಮಕ್ಕಳು ತೂಕಡಿಸುತ್ತಾರೆ, ಒಲೆಯ ಮೇಲಿನ ಬೇಳೆ ಉಕ್ಕುತ್ತದೆ, ಗೃಹಿಣಿಯ ಒಂದು ಕಿವಿ ದೇವರ ಕಡೆಗಿದ್ದರೆ ಇನ್ನೊಂದು ಅಡಿಗೆಮನೆಯ ಕಡೆಗಿರುತ್ತದೆ. ನಮ್ಮವರು ಒಂದು ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ದುಡಿದವರು, ಮಿತಭಾಷಿಗಳು. ಅವರ ಪ್ರಾರ್ಥನೆಯೂ ಲೆಕ್ಕದ ಪುಸ್ತಕದಂತೆಯೇ ಇರುತ್ತಿತ್ತು. ಅದೇ ಮಾತು, ಅದೇ ಕ್ರಮ, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. "ಅಪ್ಪನ ಪ್ರಾರ್ಥನೆ ರೈಲ್ವೆ ವೇಳಾಪಟ್ಟಿ ಇದ್ದಂತೆ, ಯಾವ ನಿಲ್ದಾಣ ಯಾವಾಗ ಬರುತ್ತದೆಂದು ಮೊದಲೇ ಗೊತ್ತು" ಎಂದು ಮಗಳು ನಗುತ್ತಿದ್ದಳು. ನಾನು ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದವಳು. ಮಾತಿನಲ್ಲಿ ಹೊಸತನವನ್ನು ಮೆಚ್ಚುವವಳು. ಮಗಳ ಹಾಸ್ಯಕ್ಕೆ ನಾನೂ ನಗುತ್ತಿದ್ದೆ. ನಮ್ಮವರೂ ನಗುತ್ತಿದ್ದರು, ಆದರೆ ವೇಳಾಪಟ್ಟಿ ಬದಲಾಗುತ್ತಿರಲಿಲ್ಲ.

ಆ ವರ್ಷದ ಆಗಸ್ಟ್ ತಿಂಗಳ ಒಂದು ಮುಂಜಾನೆ ಅವರ ಬಲಗೈಯಿಂದ ಚಹದ ಬಟ್ಟಲು ಜಾರಿ ಬಿದ್ದಿತು. ಬಾಯಿ ಒಂದು ಕಡೆಗೆ ವಾಲಿತು. ಏನಾಯಿತೆಂದು ಕೇಳಿದರೆ ಅವರ ತುಟಿಗಳು ಅಲುಗಿದವು, ಮಾತು ಹೊರಡಲಿಲ್ಲ. ಪಕ್ಕದ ಮನೆಯ ಲಿಂಗಾಯತ ಗೃಹಸ್ಥರು, ಜವಳಿ ವ್ಯಾಪಾರಿಗಳು, ತಮ್ಮ ಕಾರಿನಲ್ಲಿ ನಮ್ಮನ್ನು ಆಸ್ಪತ್ರೆಗೆ ಕರೆದೊಯ್ದರು. ಇಲ್ಲಿ ಓದುಗರಿಗೆ ಒಂದು ಮಾತು ಹೇಳಲೇಬೇಕು. ಮುಖ ವಾಲುವುದು, ತೋಳು ಸೋಲುವುದು, ಮಾತು ತೊದಲುವುದು, ಈ ಮೂರರಲ್ಲಿ ಯಾವುದೊಂದು ಹಠಾತ್ತನೆ ಕಂಡರೂ ಒಂದು ನಿಮಿಷ ಕೂಡ ತಡೆಯಬಾರದು. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳ ಒಳಗಾಗಿ ಕೊಡಬೇಕಾಗುತ್ತದೆ. ಎಷ್ಟು ಬೇಗ ಕೊಟ್ಟರೆ ಅಷ್ಟು ಲೇಸು. ನಮ್ಮವರಿಗೆ ಆ ಔಷಧ ಸಕಾಲದಲ್ಲಿ ದೊರಕಿತು. ಪ್ರಾಣ ಉಳಿಯಿತು. ಕಾಲಿಗೆ ಕೆಲಮಟ್ಟಿಗೆ ಬಲ ಬಂದಿತು. ಬಲಗೈ ಸೋತೇ ಉಳಿಯಿತು. ಮಾತು ಮರಳಲಿಲ್ಲ.

ಮಾತು ಹೋಗುವುದೆಂದರೆ ಏನೆಂಬುದನ್ನು ಅದುವರೆಗೆ ನಾನು ಅರಿತಿರಲಿಲ್ಲ. ಬುದ್ಧಿ ಹೋಗಿರಲಿಲ್ಲ, ನಾವು ಹೇಳಿದ್ದರಲ್ಲಿ ಬಹುಭಾಗ ಅವರಿಗೆ ತಿಳಿಯುತ್ತಿತ್ತು. ಒಳಗಿದ್ದದ್ದನ್ನು ಹೊರಕ್ಕೆ ತರುವ ದಾರಿ ಕುಸಿದಿತ್ತು, ಅಷ್ಟೆ. ಅವರ ಬಾಯಿಯಲ್ಲಿ ಉಳಿದದ್ದು ಒಂದೇ ಪದ, "ಅದ." ನೀರು ಬೇಕಾದರೆ "ಅದ", ನೋವಾದರೆ "ಅದ", ನನ್ನನ್ನು ಕರೆಯಬೇಕಾದರೂ "ಅದ". 1861ರಲ್ಲಿ ಪ್ಯಾರಿಸ್ಸಿನ ಪಾಲ್ ಬ್ರೋಕಾ ಎಂಬ ಶಸ್ತ್ರವೈದ್ಯರು ಇಂಥ ಒಬ್ಬ ರೋಗಿಯನ್ನು ಕಂಡರು. ಆತನ ಬಾಯಿಂದ "ಟಾನ್" ಎಂಬೊಂದು ಸದ್ದಲ್ಲದೆ ಬೇರೆ ಮಾತು ಹೊರಡುತ್ತಿರಲಿಲ್ಲವಂತೆ. ಆತ ತೀರಿಕೊಂಡ ಮೇಲೆ ಪರೀಕ್ಷಿಸಿದಾಗ ಮಿದುಳಿನ ಎಡಭಾಗದ ಮುಂಬದಿಯಲ್ಲಿ ಗಾಯ ಕಂಡಿತು. ಮಾತಿನ ಮನೆ ಬಹುಮಂದಿಗೆ ಮಿದುಳಿನ ಎಡಬದಿಯಲ್ಲಿದೆಯೆಂಬ ತಿಳುವಳಿಕೆ ಅಲ್ಲಿಂದ ಬಲಗೊಂಡಿತು. ಎಡ ಮಿದುಳು ಬಲ ಅಂಗಗಳನ್ನು ಆಳುತ್ತದೆ. ಆದುದರಿಂದಲೇ ಬಲಗೈಯೂ ಮಾತೂ ಎಷ್ಟೋ ವೇಳೆ ಒಟ್ಟಿಗೇ ಹೋಗುತ್ತವೆ. ಇದನ್ನೆಲ್ಲ ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ನನಗೆ ವಿವರಿಸಿದರು. ಕಾರಣ ತಿಳಿದುದರಿಂದ ದುಃಖ ಕಡಿಮೆಯಾಗಲಿಲ್ಲ; ಆದರೆ ಕಾರಣವಿಲ್ಲದ ಭಯ ಕಡಿಮೆಯಾಯಿತು. ಅದೂ ಒಂದು ಉಪಕಾರವೇ.

ಆಸ್ಪತ್ರೆಯಿಂದ ಮನೆಗೆ ಬಂದ ಮೂರನೆಯ ವಾರದ ಒಂದು ರಾತ್ರಿ. ಮಗನೂ ಮಗಳೂ ಊರಿಗೆ ಬಂದಿದ್ದರು. ಗೀತೆ ಮುಗಿಸಿ, ಓದು ಮುಗಿಸಿ, ಕರ್ತನ ಪ್ರಾರ್ಥನೆಯನ್ನು ಮೂವರೂ ಹೇಳತೊಡಗಿದೆವು. ಎರಡನೆಯ ಮಾತಿಗೆ ನಾಲ್ಕನೆಯದೊಂದು ಧ್ವನಿ ನಮ್ಮೊಡನೆ ಸೇರಿತು. ಗೊಗ್ಗರವಾದ, ನಡುಗುವ ಧ್ವನಿ. ಆದರೂ ಪದಗಳು ಸ್ಪಷ್ಟ. ಅನುದಿನದ ಆಹಾರವನ್ನು ಬೇಡುವ ಮಾತನ್ನು ಅವರು ನಮಗಿಂತ ಮುಂದಾಗಿಯೇ ಹೇಳಿದರು. ಮಗಳು ಬಿಕ್ಕಿದಳು. ಪ್ರಾರ್ಥನೆ ಮುಗಿದ ಮೇಲೆ ನಾನು ಅವರ ಕೈ ಹಿಡಿದು, "ಏನು ಬೇಕು? ಹೇಳಿರಿ" ಎಂದೆ. ಅವರು ನೀರಿನ ಲೋಟವನ್ನು ನೋಡಿದರು, ತುಟಿ ತೆರೆದರು. "ಅದ" ಎಂದರು. ಕಣ್ಣಲ್ಲಿ ನೀರು ತುಂಬಿತು.

ಮರುದಿನ ಈ ಸಂಗತಿ ಓಣಿಯಲ್ಲೆಲ್ಲ ಹರಡಿತು. ಸಭೆಯ ಹಿರಿಯರೊಬ್ಬರು ಬಂದು ಇದು ಅದ್ಭುತಕಾರ್ಯವೆಂದರು. ಡಾಕ್ಟರು ಮಾತ್ರ ಮುಗುಳ್ನಕ್ಕು, ತಾವು ಇದನ್ನು ಎಷ್ಟೋ ಬಾರಿ ಕಂಡಿರುವುದಾಗಿ ಹೇಳಿದರು. ಹೊಸದಾಗಿ ಕಟ್ಟಿ ಆಡಬೇಕಾದ ಮಾತು ಬೇರೆ, ಬಾಲ್ಯದಿಂದ ಸಾವಿರಾರು ಸಾರಿ ಹೇಳಿ ನಾಲಿಗೆಗೆ ಅಂಟಿಹೋದ ಮಾತು ಬೇರೆ. ಎರಡನೆಯದಕ್ಕೆ ಮಿದುಳಿನಲ್ಲಿ ಬೇರೆ ದಾರಿಗಳುಂಟು. ಒಂದು ದಾರಿ ಕುಸಿದರೂ ಇನ್ನೊಂದು ಉಳಿದಿರಬಹುದು. ಹಾಡು, ಪ್ರಾರ್ಥನೆ, ವಾರಗಳ ಹೆಸರು, ಅಂಕೆ ಸಂಖ್ಯೆ, ಕಡೆಗೆ ಬೈಗುಳ ಕೂಡ ಹೀಗೆ ಉಳಿಯುವುದುಂಟಂತೆ. 18ನೆಯ ಶತಮಾನದಲ್ಲಿಯೇ ಸ್ವೀಡನ್ನಿನ ಓಲಾಫ್ ಡಾಲಿನ್ ಎಂಬ ಬರಹಗಾರರು, ಬಲಭಾಗ ಬಿದ್ದು ಮಾತು ಕಳೆದುಕೊಂಡ ಒಬ್ಬ ಮನುಷ್ಯ ಚರ್ಚಿನಲ್ಲಿ ತಾನು ಕಲಿತಿದ್ದ ಗೀತೆಗಳನ್ನು ಸ್ಪಷ್ಟವಾಗಿ ಹಾಡುತ್ತಿದ್ದನೆಂದೂ ಕೆಲವು ಪ್ರಾರ್ಥನೆಗಳನ್ನು ಹೇಳಬಲ್ಲವನಾಗಿದ್ದನೆಂದೂ ಬರೆದಿಟ್ಟಿದ್ದಾರೆ. ಅಂದರೆ ನಮ್ಮ ಮನೆಯಲ್ಲಿ ನಡೆದದ್ದು ಎರಡೂವರೆ ಶತಮಾನಗಳ ಹಿಂದೆಯೇ ಬೇರೊಂದು ದೇಶದಲ್ಲಿ ನಡೆದುಹೋಗಿತ್ತು.

ನನ್ನ ಮಗ ಇಂಜಿನಿಯರು. ಕೂಡಲೆ ಪರೀಕ್ಷೆಗೆ ತೊಡಗಿದ. "ಎರಡೊಂದ್ಲೆ" ಎಂದು ಆತ ಆರಂಭಿಸುವುದೇ ತಡ, ನಮ್ಮವರು ಎರಡರ ಮಗ್ಗಿಯನ್ನು ಇಪ್ಪತ್ತರವರೆಗೆ ಒಂದೇ ಉಸಿರಿಗೆ ಒಪ್ಪಿಸಿಬಿಟ್ಟರು! ಎಲ್ಲರೂ ನಕ್ಕೆವು, ಆಸ್ಪತ್ರೆಯಿಂದ ಬಂದ ಮೇಲೆ ಮನೆಯಲ್ಲಿ ಕೇಳಿಸಿದ ಮೊದಲ ನಗೆ ಅದು. ಆದರೆ ರಾತ್ರಿ ಮಲಗಿದಾಗ ನನಗೆ ನಗೆ ಬರಲಿಲ್ಲ. ಮಗ್ಗಿ ಬಂದದ್ದು ಎಲ್ಲಿಂದಲೋ ಪ್ರಾರ್ಥನೆ ಬಂದದ್ದೂ ಅಲ್ಲಿಂದಲೇ ಅಲ್ಲವೆ? ಹಾಗಾದರೆ ನನ್ನ ಗಂಡ ದೇವರನ್ನು ಕರೆದರೋ ಅಥವಾ ಸುರುಳಿ ಸುತ್ತಿದ ಟೇಪು ತನ್ನಷ್ಟಕ್ಕೆ ತಾನೇ ನುಡಿಯಿತೋ? ಮಗ ಬಾಯಿಬಿಟ್ಟು ಹಾಗೆ ಹೇಳಲಿಲ್ಲ. ಆದರೆ ಆ ಪ್ರಶ್ನೆ ಅವನ ಮುಖದಲ್ಲಿದ್ದುದನ್ನು ತಾಯಿಯಾದ ನಾನು ಕಾಣದಿರಲಿಲ್ಲ.

ಮುಂದಿನ ತಿಂಗಳುಗಳು ಕಠಿನವಾದವು. ಮಕ್ಕಳು ತಮ್ಮ ತಮ್ಮ ಊರುಗಳಿಗೆ ಹಿಂದಿರುಗಲೇಬೇಕಾಯಿತು. ಸ್ನಾನ, ಊಟ, ಔಷಧ, ವ್ಯಾಯಾಮ. ರಾತ್ರಿ ಎರಡು ಮೂರು ಬಾರಿ ಏಳುವುದು. ಪಿಂಚಣಿಯ ಹಣ ತಿಂಗಳ ಇಪ್ಪತ್ತನೆಯ ತಾರೀಖಿಗೆ ಮುಗಿಯುತ್ತಿತ್ತು. ನನ್ನ ದೇಹ ದಣಿದುದಕ್ಕಿಂತ ಮನಸ್ಸು ಹೆಚ್ಚು ಒಣಗಿತು. ಸತ್ಯವೇದವನ್ನು ತೆರೆದರೆ ಅಕ್ಷರಗಳು ಕಾಣುತ್ತಿದ್ದವು, ಅಷ್ಟೆ. ಪ್ರಾರ್ಥಿಸಬೇಕೆಂದು ಕುಳಿತರೆ ಒಂದು ಮಾತೂ ಏಳುತ್ತಿರಲಿಲ್ಲ. ಜೀವಮಾನವೆಲ್ಲ ಮಕ್ಕಳಿಗೆ ಪ್ರಬಂಧ ಬರೆಯಲು ಕಲಿಸಿದವಳಿಗೆ ದೇವರ ಮುಂದೆ ಒಂದು ವಾಕ್ಯ ಕಟ್ಟಲು ಬಾರದಾಯಿತು.

ಆಗ ನನಗೆ ಆಸರೆಯಾದದ್ದು ವಿಚಿತ್ರವೆಂದರೆ 88ನೆಯ ಕೀರ್ತನೆ. ಕೀರ್ತನೆಗಳು ಒಟ್ಟು 150. ಅವುಗಳಲ್ಲಿ ಸ್ತುತಿಯ ಕೀರ್ತನೆಗಳಂತೆ ಗೋಳಿನ ಕೀರ್ತನೆಗಳೂ ಬಹಳ. ಆದರೆ ಗೋಳಿಟ್ಟವನು ಸಾಮಾನ್ಯವಾಗಿ ಕೊನೆಯಲ್ಲಾದರೂ ದೇವರನ್ನು ಕೊಂಡಾಡಿ ನಿಲ್ಲಿಸುತ್ತಾನೆ. 88ನೆಯದು ಹಾಗಲ್ಲ. ಅದು ಕತ್ತಲೆಯಲ್ಲಿ ತೊಡಗಿ ಕತ್ತಲೆಯಲ್ಲಿಯೇ ಮುಗಿಯುತ್ತದೆ. ಸಮಾಧಾನದ ಒಂದು ಸಾಲೂ ಕೊನೆಯಲ್ಲಿ ಇಲ್ಲ. ಚರ್ಚಿನಲ್ಲಿ ಅದನ್ನು ಓದಿದ್ದನ್ನು ನಾನು ಬಹಳ ಅಪರೂಪವಾಗಿ ಕೇಳಿದ್ದೇನೆ. ಆದರೂ ಅದನ್ನು ಪವಿತ್ರ ಗ್ರಂಥದಿಂದ ಯಾರೂ ಕಿತ್ತುಹಾಕಲಿಲ್ಲವಲ್ಲ! ಕೊನೆಯಲ್ಲಿ ಬೆಳಕು ಕಾಣದವನ ಮಾತಿಗೂ ದೇವರ ಸನ್ನಿಧಿಯಲ್ಲಿ ಜಾಗವುಂಟೆಂದು ಹಿಂದಿನವರು ತಿಳಿದಿದ್ದರು. ಪೌಲನು ತನ್ನ ಶರೀರದಲ್ಲಿದ್ದ ಮುಳ್ಳನ್ನು ತೆಗೆಯಬೇಕೆಂದು ಮೂರು ಸಾರಿ ಬೇಡಿಕೊಂಡನೆಂದು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿದೆ. ಮುಳ್ಳು ಹೋಗಲಿಲ್ಲ, ಅದರೊಡನೆ ಬದುಕುವ ಬಲ ಮಾತ್ರ ಬಂದಿತು. ಅಪೊಸ್ತಲನಿಗೇ ಹಾಗಾಗಿದ್ದರೆ ಧಾರವಾಡದ ನಿವೃತ್ತ ಉಪಾಧ್ಯಾಯಿನಿ ತನಗೆ ವಿಶೇಷವಾದ ರಿಯಾಯಿತಿ ಬೇಕೆಂದು ಕೇಳುವುದು ಹೇಗೆ?

ನೋಡಲು ಬಂದವರಲ್ಲಿ ಎರಡು ಬಗೆ. ಮೊದಲ ಬಗೆಯವರು ಕಾರಣಗಳನ್ನು ತರುತ್ತಿದ್ದರು. ದೇವರು ಪರೀಕ್ಷಿಸುತ್ತಿದ್ದಾನೆ, ದೇವರು ಪುಟವಿಟ್ಟು ಚಿನ್ನವನ್ನಾಗಿಸುತ್ತಿದ್ದಾನೆ, ಏನೋ ಒಂದು ಪಾಪ ಉಳಿದಿರಬೇಕು. ಯೋಬನ ಗೆಳೆಯರಿಗೆ ವಂಶ ಬೆಳೆದಿದೆಯೆಂದು ನನಗೆ ಅನ್ನಿಸುತ್ತಿತ್ತು. ಆದರೆ ಆ ಗೆಳೆಯರ ವಿಷಯದಲ್ಲಿಯೂ ನ್ಯಾಯ ಹೇಳಬೇಕು. ಅವರು ಬಂದ ಮೊದಲ ಏಳು ದಿನ ಏಳು ರಾತ್ರಿ ಯೋಬನ ಜೊತೆಗೆ ನೆಲದ ಮೇಲೆ ಸುಮ್ಮನೆ ಕುಳಿತಿದ್ದರು. ಬಾಯಿ ತೆರೆದ ಮೇಲೆಯೇ ಕೆಟ್ಟದ್ದು. ಎರಡನೆಯ ಬಗೆಯವರು ಆ ಏಳು ದಿನಗಳ ಸಂತತಿ. ನಮ್ಮ ಸಭೆಯ ಇಬ್ಬರು ಮುದುಕಿಯರು ಪ್ರತಿ ಗುರುವಾರ ಬಂದು, ಹೆಚ್ಚು ಮಾತಾಡದೆ, ನನ್ನೊಡನೆ ಕುಳಿತು ಅವರೆಕಾಯಿ ಸುಲಿದು, ಬಟ್ಟೆ ಮಡಿಸಿ ಹೋಗುತ್ತಿದ್ದರು. ಪಕ್ಕದ ಮನೆಯಾಕೆ ಸಂಜೆಯಾದರೆ ಕಂಪೌಂಡಿನ ಮೇಲಿಂದ, "ಅಕ್ಕಾರ, ರೊಟ್ಟಿ ಬಿಸಿ ಅದಾವ, ತಗೊಳ್ರಿ" ಎಂದು ತಟ್ಟೆ ನೀಡುತ್ತಿದ್ದರು. ಒಂದು ದಿನವಲ್ಲ, ಎರಡು ದಿನವಲ್ಲ, ಒಂದು ವರ್ಷ.

ಅರಸುಗಳ ಮೊದಲನೆಯ ಗ್ರಂಥದಲ್ಲಿ ಎಲೀಯನ ಕಥೆಯುಂಟು. ಬೇಸತ್ತ ಪ್ರವಾದಿ ಅಡವಿಯಲ್ಲಿ ಒಂದು ಗಿಡದ ಕೆಳಗೆ ಮಲಗಿ ತನಗೆ ಸಾವು ಬರಲಿ ಎನ್ನುತ್ತಾನೆ. ದೇವದೂತನು ಬಂದು ಏನು ಮಾಡುತ್ತಾನೆ? ಉಪದೇಶ ಮಾಡುವುದಿಲ್ಲ, ಅವಿಶ್ವಾಸಿ ಎಂದು ಗದರಿಸುವುದಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ತಂಬಿಗೆ ನೀರನ್ನೂ ತಲೆಯ ಬಳಿ ಇಟ್ಟು ಎಬ್ಬಿಸುತ್ತಾನೆ. ಪ್ರವಾದಿ ತಿಂದು ಮತ್ತೆ ಮಲಗುತ್ತಾನೆ. ದೂತ ಎರಡನೆಯ ಸಾರಿ ಬಂದು ಎಬ್ಬಿಸಿ ಮತ್ತೆ ಉಣ್ಣಲು ಹೇಳುತ್ತಾನೆ. ಚಿಕ್ಕಂದಿನಿಂದ ಈ ಕಥೆಯನ್ನು ಕೇಳುತ್ತ ಬಂದವಳು ನಾನು. ಅದರಲ್ಲಿಯ ರೊಟ್ಟಿ ಜೋಳದ್ದೂ ಆಗಿರಬಹುದೆಂದು ನನಗೆ ಹೊಳೆದದ್ದು ಆ ವರ್ಷ. ನಮ್ಮ ನೆರೆಯಾಕೆ ದಿನವೂ ಲಿಂಗಪೂಜೆ ಮಾಡುವವರು. ನಾನು ಅವರನ್ನು ದೇವದೂತರೆಂದು ಕರೆದರೆ ಅವರು ನಗುವರು. ನಗಲಿ; ರೊಟ್ಟಿಯಂತೂ ನಿಜ.

ಮಾತಿನ ಚಿಕಿತ್ಸೆಗೆ ವಾರಕ್ಕೆ ಎರಡು ಬಾರಿ ಒಬ್ಬ ಹುಡುಗಿ ಬರುತ್ತಿದ್ದಳು. ಹಾಡಬಲ್ಲವರಿಗೆ ಹಾಡಿನ ಮೂಲಕವೇ ಮಾತನ್ನು ಕಲಿಸುವ ಒಂದು ಕ್ರಮವನ್ನು 1973ರಲ್ಲಿ ಅಮೆರಿಕದ ಬಾಸ್ಟನ್ನಿನ ತಜ್ಞರು ಪ್ರಕಟಿಸಿದರಂತೆ. ಒಂದು ಚಿಕ್ಕ ವಾಕ್ಯವನ್ನು ರಾಗವಾಗಿ ಎಳೆದು ಹೇಳುವುದು, ಹೇಳುವಾಗ ರೋಗಿಯ ಎಡಗೈಯಿಂದ ತಾಳ ಹಾಕಿಸುವುದು, ಕ್ರಮೇಣ ರಾಗವನ್ನು ಕಡಿಮೆ ಮಾಡುತ್ತ ಮಾತಿನ ಕಡೆಗೆ ತರುವುದು. ಇದು ಅದರ ಸಾರ. ರಾಗಕ್ಕಿಂತಲೂ ತಾಳ ಮತ್ತು ಬಹುಕಾಲದ ರೂಢಿಗಳೇ ಇಲ್ಲಿ ಮುಖ್ಯವೆಂದು ಈಚಿನ ಕೆಲವು ಸಂಶೋಧಕರು ಹೇಳುತ್ತಾರೆ. ಎಲ್ಲರಿಗೂ ಒಂದೇ ಸಮನಾಗಿ ಫಲ ಸಿಕ್ಕುವುದಿಲ್ಲ. ನಾವು ಯತ್ನಿಸಿದೆವು. ನಮ್ಮವರಿಗೆ ಚೆನ್ನಾಗಿ ಬರುತ್ತಿದ್ದ ಒಂದು ಗೀತೆಯ ಮೊದಲ ಸಾಲಿನ ರಾಗಕ್ಕೆ "ನೀರು ಬೇಕು" ಎಂಬುದನ್ನು ಕೂಡಿಸಿದೆವು. ಜರ್ಮನಿಯ ಆ ಹಳೆಯ ರಾಗ ಧಾರವಾಡದ ಒಂದು ಲೋಟ ನೀರಿಗಾಗಿ ದುಡಿಯಬೇಕಾದೀತೆಂದು ಅದನ್ನು ಕಟ್ಟಿದವನು ಕನಸಿನಲ್ಲಿಯೂ ಎಣಿಸಿರಲಾರ! ಆರು ವಾರಗಳಾದ ಮೇಲೆ ಒಂದು ಮಧ್ಯಾಹ್ನ, ತಾಳ ಹಾಕುತ್ತ, ಅವರು ನೀರು ಕೇಳಿದರು. ಅದೇ ನಮ್ಮ ಲೆಕ್ಕದ ಪುಸ್ತಕದಲ್ಲಿ ಮೊದಲ ಜಮೆ.

ಈಗ ಆ ಪ್ರಶ್ನೆಗೆ ಬರುತ್ತೇನೆ, ಪ್ರಾರ್ಥನೆಯೋ, ಟೇಪೋ?

ರಾತ್ರಿಯ ಪ್ರಾರ್ಥನೆಯಲ್ಲಿ ನಾನು ಒಂದು ವಿಷಯವನ್ನು ಗಮನಿಸುತ್ತ ಬಂದಿದ್ದೆ. ಕರ್ತನ ಪ್ರಾರ್ಥನೆಯನ್ನು ಸರಾಗವಾಗಿ ಹೇಳುತ್ತಿದ್ದವರು ಒಂದೆಡೆಯಲ್ಲಿ ಮಾತ್ರ ಪ್ರತಿಸಾರಿಯೂ ನಿಲ್ಲುತ್ತಿದ್ದರು. ಅದು ನಮಗೆ ತಪ್ಪು ಮಾಡಿದವರನ್ನು ಕ್ಷಮಿಸುವ ಮಾತು ಬರುವ ಎಡೆ. ಅಲ್ಲಿ ಧ್ವನಿ ಅಡಗುತ್ತಿತ್ತು; ಮುಂದಿನ ಮಾತಿಗೆ ಮತ್ತೆ ಬಂದು ಸೇರುತ್ತಿತ್ತು. ಆ ವೇಳೆಗೆ ಅವರ ಕಣ್ಣು ಗೋಡೆಯ ಮೇಲಿನ ಹಳೆಯ ಪಟದ ಕಡೆಗೆ ಹೋಗುತ್ತಿತ್ತು. ಆ ಪಟದಲ್ಲಿ ಅವರೂ ಅವರ ತಮ್ಮನೂ ಹೆಗಲ ಮೇಲೆ ಕೈಹಾಕಿಕೊಂಡು ನಿಂತಿದ್ದಾರೆ. ತಂದೆಯ ಮನೆಯ ಪಾಲಿನ ಸಂಬಂಧವಾಗಿ ಅಣ್ಣತಮ್ಮಂದಿರಲ್ಲಿ ಮಾತು ನಿಂತು ಆಗ ಹನ್ನೊಂದು ವರ್ಷಗಳಾಗಿದ್ದವು.

ಡಾಕ್ಟರರನ್ನು ಕೇಳಿದೆ. ಅವರು ಪ್ರಾಮಾಣಿಕರು. "ಕ್ಷ ಎಂಬುದು ಕಷ್ಟದ ಒತ್ತಕ್ಷರ, ಉಚ್ಚಾರದ ತೊಡಕೂ ಇರಬಹುದು. ಇದೇ ಕಾರಣವೆಂದು ನಾನು ಹೇಳಲಾರೆ" ಎಂದರು. ನಾನೂ ಹೇಳಲಾರೆ. ಒತ್ತಕ್ಷರವೇ ತಡೆದಿರಬಹುದು, ಅಂತಃಕರಣವೇ ತಡೆದಿರಬಹುದು, ಎರಡೂ ಕೂಡಿರಬಹುದು. ಆದರೆ ಗಂಡಹೆಂಡಿರು ಮೂವತ್ತೆಂಟು ವರ್ಷ ಒಂದೇ ಸೂರಿನಡಿ ಬಾಳಿದ ಮೇಲೆ ಕಣ್ಣಿನ ಭಾಷೆಗೆ ನಿಘಂಟು ಬೇಕಾಗುವುದಿಲ್ಲ. ಮೈದುನನಿಗೆ ಒಂದು ಕಾರ್ಡು ಬರೆದೆ. ಪಾಲಿನ ಮಾತನ್ನೆತ್ತಲಿಲ್ಲ. ನಿಮ್ಮ ಅಣ್ಣ ಪ್ರತಿ ರಾತ್ರಿ ಪಟದ ಕಡೆ ನೋಡುತ್ತಾರೆ ಎಂದಷ್ಟೆ ಬರೆದೆ.

ಹತ್ತು ದಿನ ಬಿಟ್ಟು ಆತ ಬಂದ. ಬಾಗಿಲಲ್ಲಿ ನಿಂತು ಒಳಗೆ ಬರಲು ಹಿಂದೆಗೆದ. ಅಣ್ಣ ಎಡಗೈ ಚಾಚಿದರು. ಆ ಸಂಜೆ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ಕುಳಿತರೇ ಹೊರತು ಹಳೆಯ ಸಂಗತಿ ಒಂದೂ ಹೊರಬೀಳಲಿಲ್ಲ. ಒಬ್ಬರಿಗೆ ಮಾತು ಬಾರದು, ಇನ್ನೊಬ್ಬರಿಗೆ ಆಡಲಾಗದು. ರಾತ್ರಿ ಪ್ರಾರ್ಥನೆಗೆ ಕುಳಿತೆವು. ಆ ಎಡೆ ಬಂದಿತು. ನಮ್ಮವರು ಎಂದಿನಂತೆ ನಿಂತರು. ಆಗ ಮೈದುನ ತಲೆ ತಗ್ಗಿಸಿ, ಗಟ್ಟಿಯಾದ ಧ್ವನಿಯಲ್ಲಿ, ತಾನೊಬ್ಬನೇ ಆ ಮಾತನ್ನು ಪೂರ್ತಿಯಾಗಿ ಹೇಳಿದ. ನಮ್ಮವರು ಅವನ ಮುಂಗೈಯನ್ನು ಹಿಡಿದುಕೊಂಡು ಮುಂದಿನ ಮಾತಿಗೆ ಸೇರಿದರು.

ಕಥೆಗಳಲ್ಲಾದರೆ ಅಂದಿನಿಂದ ಅವರಿಗೆ ಆ ಸಾಲು ಬಂದುಬಿಡಬೇಕು. ನಿಜವಾಗಿ ಅದು ಇಂದಿಗೂ ಬರುವುದಿಲ್ಲ. ಮನೆಯ ಪಾಲಿನ ವಿಷಯವೂ ಆ ರಾತ್ರಿಯೇ ತೀರಲಿಲ್ಲ. ವಕೀಲರ ಕೋಣೆಗೆ ಮತ್ತೆ ಎರಡು ಸಾರಿ ಹೋಗಬೇಕಾಯಿತು. ಆದರೆ ಅಂದು ರಾತ್ರಿ ನನಗೆ ಒಂದು ಸಂಗತಿ ಸ್ಪಷ್ಟವಾಯಿತು. ಕರ್ತನು ತನ್ನ ಶಿಷ್ಯರಿಗೆ ಕಲಿಸಿದ ಆ ಪ್ರಾರ್ಥನೆಯಲ್ಲಿ "ನಾನು", "ನನ್ನ" ಎಂಬ ಮಾತೇ ಇಲ್ಲ. ಮೊದಲಿನಿಂದ ಕೊನೆಯವರೆಗೆ ಅದು "ನಮ್ಮ", "ನಮಗೆ". ವ್ಯಾಕರಣ ಕಲಿಸಿದವಳು ನಾನು. ಬಹುವಚನವನ್ನು ಎಷ್ಟೋ ಸಾವಿರ ಸಾರಿ ಬಾಯಲ್ಲಿ ಹೇಳಿದ್ದೇನೆ. ಒಬ್ಬನಿಗೆ ಹೇಳಲಾಗದ ಸಾಲನ್ನು ಪಕ್ಕದಲ್ಲಿರುವವನು ಹೇಳಿ ಮುಂದೆ ಸಾಗಿಸುವುದಕ್ಕಾಗಿಯೇ ಆ ಬಹುವಚನವಿದೆಯೆಂದು ಅರ್ಥವಾದದ್ದು ಅಂದು.

ಹಿಂದಿರುಗಿ ನೋಡಿದರೆ ನನ್ನ ಒಣಗಿದ ತಿಂಗಳುಗಳಲ್ಲಿಯೂ ನಡೆದದ್ದು ಅದೇ. ಆಗ ನನ್ನ ಬಾಯಿಯಿಂದ ಪ್ರಾರ್ಥನೆ ಹೊರಡುತ್ತಿರಲಿಲ್ಲ. ಮಾತು ಕಳೆದುಕೊಂಡವರೇ ಪ್ರತಿ ರಾತ್ರಿ ಅದನ್ನು ತೊಡಗುತ್ತಿದ್ದರು; ಅವರ ಧ್ವನಿಯ ಹಿಂದೆ ನಾನು ಊರುಗೋಲು ಹಿಡಿದವಳಂತೆ ನಡೆಯುತ್ತಿದ್ದೆ. ಅದು ಮಿದುಳಿನ ಯಾವ ಬದಿಯಿಂದ ಬರುತ್ತಿತ್ತೆಂದು ಡಾಕ್ಟರು ಹೇಳಬಲ್ಲರು. ಯಾರ ಕಡೆಗೆ ಹೋಗುತ್ತಿತ್ತೆಂದು ಹೇಳುವುದು ಅವರ ಶಾಸ್ತ್ರದ ಕೆಲಸವಲ್ಲ. ಹೇಳಬೇಕೆಂದು ಅವರನ್ನು ಕೇಳುವುದೂ ನ್ಯಾಯವಲ್ಲ. ನನಗೆ ಈಗ ಆ ಪ್ರಶ್ನೆಯ ಭಯವಿಲ್ಲ. ಪ್ರಾರ್ಥನೆಯ ಭಾರ ಒಬ್ಬರ ನಾಲಿಗೆಯ ಮೇಲೆ, ಒಬ್ಬರ ಮಿದುಳಿನ ಮೇಲೆ ನಿಂತಿದ್ದರೆ ಅಲ್ಲವೆ ಹೆದರಬೇಕಾದದ್ದು? ಅದು ಒಂದು ಮನೆಯ ಮೇಲೆ, ಒಂದು ಸಭೆಯ ಮೇಲೆ, ನಮ್ಮ ಅಜ್ಜ ಮುತ್ತಜ್ಜಂದಿರ ಮೇಲೆ ಹಂಚಿ ನಿಂತಿದೆ.

2020ರ ಮಾರ್ಚಿಯಲ್ಲಿ ಕೊರೊನಾದ ನಿಮಿತ್ತ ದೇಶವೆಲ್ಲ ಬಾಗಿಲು ಮುಚ್ಚಿದಾಗ ಚರ್ಚುಗಳೂ ಮುಚ್ಚಿದವು. ಏಪ್ರಿಲ್ 12ರಂದು ಪುನರುತ್ಥಾನದ ಹಬ್ಬ. ಆ ದಿನ ಚರ್ಚಿಗೆ ಹೋಗದಿದ್ದುದು ನನಗೆ ನೆನಪಿದ್ದಂತೆ ಅದೇ ಮೊದಲು. ಗುರುವಾರದ ಮುದುಕಿಯರೂ ಬರುವಂತಿರಲಿಲ್ಲ. ಚಿಕಿತ್ಸೆಯ ಹುಡುಗಿಯೂ ಬರುವಂತಿರಲಿಲ್ಲ. ಬೆಳಿಗ್ಗೆ ಕಿಟಕಿ ತೆರೆದು ನಾವಿಬ್ಬರೇ ಹಬ್ಬದ ಗೀತೆಗಳನ್ನು ಹಾಡಿದೆವು. ಮಾತಾಡಲಾರದ ನಮ್ಮವರು ನಾಲ್ಕು ಚರಣಗಳನ್ನೂ ತಪ್ಪದೆ ಹಾಡಿದರು. ಹಾಡು ನಿಂತಾಗ ಕಂಪೌಂಡಿನ ಆಚೆಯಿಂದ ನೆರೆಯಾಕೆ, "ಇನ್ನೊಂದು ಆಗಲ್ರಿ" ಎಂದರು. ಸಭೆ ಕೂಡಲು ಎಷ್ಟು ಜನ ಬೇಕೆಂಬ ಚರ್ಚೆ ಬಂದಾಗಲೆಲ್ಲ ನನಗೆ ಆ ಮುಂಜಾನೆ ನೆನಪಾಗುತ್ತದೆ.

ಇಂಥ ದಿನಗಳಲ್ಲಿರುವ ಓದುಗರಿಗೆ ನಾನು ಹೇಳಬಹುದಾದದ್ದು ಸ್ವಲ್ಪವೇ. ಆರೋಗ್ಯವಾಗಿರುವಾಗ ಒಳ್ಳೆಯ ಮಾತುಗಳನ್ನು ನಾಲಿಗೆಗೆ ಅಂಟಿಸಿಕೊಳ್ಳಿರಿ. ನಮ್ಮ ಮನೆಯಲ್ಲಿ ಅದು ಕರ್ತನ ಪ್ರಾರ್ಥನೆ. ನಿಮ್ಮ ಮನೆಯಲ್ಲಿ ವಚನವಾಗಿರಬಹುದು, ದಾಸರ ಪದವಾಗಿರಬಹುದು. ಮಕ್ಕಳು ತೂಕಡಿಸಿದರೆ ತೂಕಡಿಸಲಿ. ಅರ್ಥವಾಗದೆ ಹೇಳಿದರೆ ಹೇಳಲಿ. ಅರ್ಥ ಎಷ್ಟೋ ವರ್ಷಗಳ ಮೇಲೆ, ಬಹಳ ಬೇಕಾದ ಹೊತ್ತಿಗೆ ಬರುತ್ತದೆ. ಎರಡನೆಯದಾಗಿ, ಕಷ್ಟದ ಮನೆಗೆ ಹೋಗುವವರು ಕಾರಣಗಳನ್ನು ಒಯ್ಯಬೇಡಿರಿ, ರೊಟ್ಟಿ ಒಯ್ಯಿರಿ. ಮೂರನೆಯದಾಗಿ, ನಾಳೆಯ ಧೈರ್ಯವನ್ನು ಇಂದೇ ಕೂಡಿಡಲು ಹೋಗಬೇಡಿರಿ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೊರಕಿದ ಮನ್ನ ಆ ದಿನದ ಪಾಲಿಗೆ ಮಾತ್ರ ಸಾಕಾಗುತ್ತಿತ್ತು. ಸಬ್ಬತ್ತಿನ ಹಿಂದಿನ ದಿನದ ಹೊರತು, ಮರುದಿನಕ್ಕೆಂದು ಬಚ್ಚಿಟ್ಟದ್ದು ಹುಳುಬಿದ್ದು ನಾರಿತೆಂದು ವಿಮೋಚನಕಾಂಡ ಹೇಳುತ್ತದೆ. ಧೈರ್ಯದ ಗುಣವೂ ಅದೇ. ಬೆಳಗಾಗುತ್ತಲೆ ಆ ದಿನದ್ದನ್ನು ಆಯ್ದುಕೊಳ್ಳಬೇಕು.

ನಮ್ಮವರು ಸ್ವಂತವಾಗಿ ಹೇಳಬಲ್ಲ ವಾಕ್ಯಗಳನ್ನು ಅವರದೇ ಹಳೆಯ ಲೆಕ್ಕದ ಪುಸ್ತಕವೊಂದರಲ್ಲಿ ತಾರೀಖು ಸಹಿತ ಬರೆದಿಟ್ಟಿದ್ದೇನೆ. ಈಗ ಅವು ಇಪ್ಪತ್ತಮೂರು. ಇಪ್ಪತ್ತೆರಡನ್ನು ನಾವು ರಾಗ ಕೂಡಿಸಿ ಕಲಿಸಿದ್ದು. ಇಪ್ಪತ್ತಮೂರನೆಯದನ್ನು ಯಾರೂ ಕಲಿಸಲಿಲ್ಲ. ಕಳೆದ ಚಳಿಗಾಲದ ಒಂದು ರಾತ್ರಿ ಅವರ ಕಾಲಿಗೆ ಎಣ್ಣೆ ತಿಕ್ಕುತ್ತ ಕುಳಿತಿದ್ದ ನನಗೆ ಜೊಂಪು ಹತ್ತಿತ್ತು. ಅವರು ಎಡಗೈಯಿಂದ ನನ್ನ ಭುಜವನ್ನು ಮುಟ್ಟಿ, ತಾಳವಿಲ್ಲದೆ, ರಾಗವಿಲ್ಲದೆ, ಮೆಲ್ಲಗೆ ಹೇಳಿದರು:

"ಸಾಕು. ಮಲಗು."